ರೋಸಿನ ದಿನ ಕೈಕೊಟ್ಟ ಒಲೆ

ಇಸಾಬೆಲ್ ಪಾಯ್ಸಳ ಪರಿಚಯ ವೇದಾವತಿಗೆ ಮೊದಲು ಆದದ್ದು ಮೂಗಿನ ಮೂಲಕ. ಎಪ್ಪತ್ತೇಳನೆಯ ಇಸವಿ. ಗಂಡ ಶ್ಯಾಮಸುಂದರನ ಜೊತೆ ಕುವೈತಿಗೆ ಬಂದ ವೇದಾವತಿ ರಿಗ್ಗೈಯ ಒಂದು ಹಳೆಯ ಮನೆಯ ಮಹಡಿಯಲ್ಲಿ ಸಂಸಾರ ಹೂಡಿದ್ದಳು. ಬಂದು ವಾರ ಕಳೆದಿರಲಿಲ್ಲ, ಒಂದು ಬೆಳಿಗ್ಗೆ ಕೆಳಗಿನ ಮನೆಯಿಂದ ಕಳ್ಳಿನ ವಾಸನೆ ಘಮ್ಮೆಂದು ಮೇಲೆ ಬಂತು. ಕಳ್ಳು! ಒಂದು ಬಾಟಲಿ ಸಿಕ್ಕಿದರೆ ಇಕಾಮಾ, ಅಂದರೆ ವಾಸದ ಪರವಾನಗಿ, ರದ್ದು ಮಾಡಿ ವಿಮಾನ ಹತ್ತಿಸುವ ದೇಶದಲ್ಲಿ! ಮೈಸೂರಿನ ಮರ್ಯಾದಸ್ಥ ಮನೆತನದ ಹೆಣ್ಣುಮಗಳು ಏನು ಮಾಡಬೇಕು ಹೇಳಿ. ಕಿಟಕಿ ಮುಚ್ಚಿದಳು, ಊದುಬತ್ತಿ ಹಚ್ಚಿದಳು. ವಾಸನೆ ಜಗ್ಗಲಿಲ್ಲ. ಕೊನೆಗೆ ಸೆರಗು ಹೊದ್ದು ಕೆಳಗಿಳಿದು ಬಾಗಿಲು ಬಡಿದಳು.

ಬಾಗಿಲು ತೆಗೆದವಳು ಅಗಲ ಮೈಯ, ಅದಕ್ಕಿಂತ ಅಗಲ ನಗುವಿನ ಹೆಂಗಸು.

"ನೋಡಿ, ನಮ್ಮವರು ಸರ್ಕಾರಿ ಕೆಲಸದಲ್ಲಿದ್ದಾರೆ. ಈ ವಾಸನೆ ಯಾರಾದ್ರೂ ಪೊಲೀಸ್ರ ಮೂಗಿಗೆ ಬಿದ್ರೆ ನಮ್ಮೆಲ್ಲರ ಗತಿ ಏನ್ರೀ?" ಎಂದಳು ವೇದಾವತಿ, ನಡುಗುವ ದನಿಯಲ್ಲಿ.

"ಓ ದೇವರೇ! ಪೊಲೀಸರಿಗೆ ಹೇಳುವ ಮೊದಲು ಕಳ್ಳು ನೋಡಿಯಾದ್ರೂ ಹೋಗಿ ಮಾರಾಯ್ರೇ," ಎಂದು ಇಸಾಬೆಲ್ ಅವಳ ಕೈ ಹಿಡಿದು ಅಡುಗೆಮನೆಗೆ ಎಳೆದುಕೊಂಡೇ ಹೋದಳು. ಅಲ್ಲಿ ಒಂದು ಜಾಡಿಯಲ್ಲಿ ಎಳನೀರು, ಸಕ್ಕರೆ, ಚೂರು ಯೀಸ್ಟು ಸೇರಿ ಬುಸುಬುಸು ನೊರೆ ಏಳುತ್ತಿತ್ತು. "ಇದು ಕುಡಿಯುವ ಕಳ್ಳಲ್ಲ. ಸಾನ್ನಕ್ಕೆ ಹಾಕುವ ಕಳ್ಳು. ನಮ್ಮ ಊರಲ್ಲಿ ಮರದಿಂದ ಇಳಿಸ್ತಾರೆ, ಇಲ್ಲಿ ನಾನು ಜಾಡಿಯಿಂದ ಇಳಿಸ್ತೇನೆ. ಕುಡಿದ್ರೆ ಅಮಲು ಬರುವುದಿಲ್ಲ, ಹೊಟ್ಟೆ ಉಬ್ಬರಿಸ್ತದೆ ಅಷ್ಟೆ!"

ಅವತ್ತು ವೇದಾವತಿ ತಿಂದ ಸಾನ್ನ ಅವಳ ಜನ್ಮದಲ್ಲೇ ಮೊದಲನೆಯದು. ನೋಡಲು ಇಡ್ಲಿಯ ತಂಗಿ, ಬಾಯಿಗೆ ಇಟ್ಟರೆ ಇಡ್ಲಿಗಿಂತ ಮೆತ್ತಗೆ, ಒಂಚೂರು ಸಿಹಿ, ಒಂಚೂರು ಹುಳಿ. ಕೋಳಿ ಸಾರಿನ ಬದಲು ಅವಳಿಗೆ ಇಸಾಬೆಲ್ ಬೆಲ್ಲದ ಕಾಯಿಹಾಲು ಕೊಟ್ಟಳು. ಬೈಯಲು ಹೋದವಳು ತಟ್ಟೆ ತುಂಬ ಕಟ್ಟಿಸಿಕೊಂಡು ಮೇಲೆ ಬಂದಳು, ಶ್ಯಾಮಸುಂದರನಿಗೂ ಇರಲಿ ಎಂದು.

ಇಸಾಬೆಲ್ ಶಿರ್ವದ ಕಡೆಯವಳು. ಗಂಡ ಸಿರಿಲ್ ಒಂದು ಕಂಪನಿಯ ಉಗ್ರಾಣದಲ್ಲಿ ಗುಮಾಸ್ತ, ಮಾತು ಕಡಿಮೆ, ಭಯ ಜಾಸ್ತಿ. ಇವಳು ಒಂದು ಆಸ್ಪತ್ರೆಯಲ್ಲಿ ಟೆಲಿಫೋನ್ ಆಪರೇಟರ್. ಇಡೀ ದಿನ ಅರಬ್ಬಿ, ಇಂಗ್ಲಿಷು, ಉರ್ದು ಬೆರೆಸಿ ಫೋನಿನಲ್ಲಿ ಮಾತಾಡಿ ಬಂದರೂ ಅವಳ ಬಾಯಿ ದಣಿಯುತ್ತಿರಲಿಲ್ಲ. ಸಾಯಂಕಾಲ ಮೆಟ್ಟಿಲ ಬುಡದಲ್ಲಿ ನಿಂತು, "ವೇದಾ, ಓ ವೇದಾ, ಜೀವ ಉಂಟಾ?" ಎಂದು ಕೂಗಿದರೆ ಬೀದಿಯ ಕೊನೆಯ ಬಕಾಲ ಅಂಗಡಿಯವನೂ ತಲೆ ಹೊರಗೆ ಹಾಕುತ್ತಿದ್ದ. ವೇದಾವತಿ ಅವಳನ್ನು ತಮ್ಮ ಕಡೆಯ ರೂಢಿಯಂತೆ "ಇಸಾಬೆಲ್ಲಮ್ಮ" ಎಂದಳು. ಆ ಹೆಸರು ಕೇಳಿ ಇಸಾಬೆಲ್ ಹೊಟ್ಟೆ ಹಿಡಿದುಕೊಂಡು ನಕ್ಕಳು, ಬೇಡ ಎನ್ನಲಿಲ್ಲ. ಮದುವೆಯಾಗಿ ಎಷ್ಟೋ ವರ್ಷ ಕಳೆದಿದ್ದರೂ ಅವಳಿಗೆ ಮಕ್ಕಳಾಗಿರಲಿಲ್ಲ. ಆ ಮಾತು ಬಂದರೆ ಮಾತ್ರ ಆ ದೊಡ್ಡ ಬಾಯಿ ಮುಚ್ಚಿಕೊಳ್ಳುತ್ತಿತ್ತು.

ಕರಾವಳಿಯ ಕ್ರಿಶ್ಚಿಯನ್ನರ ಮನೆಗಳಲ್ಲಿ ನಾಮಕರಣವಿರಲಿ, ಮದುವೆಯಿರಲಿ, ಸಾನ್ನ ಬೇಕೇ ಬೇಕು. ರಿಗ್ಗೈ, ಫರ್ವಾನಿಯಾ, ಸಾಲ್ಮಿಯಾ ಎಲ್ಲ ಕಡೆಯಿಂದ ಜನ ಬಂದು ಇಸಾಬೆಲಳ ಬಾಗಿಲಿಗೇ ನಿಲ್ಲುತ್ತಿದ್ದರು. ಅಡುಗೆಮನೆಯ ಸಣ್ಣ ಒಲೆ ಸಾಲದಾಯಿತು. ಆಗ ಫರ್ವಾನಿಯಾದಲ್ಲಿ ಹೋಟೆಲು ಮುಚ್ಚುತ್ತಿದ್ದ ಮಮ್ಮಾಲಿ ಎಂಬ ಬ್ಯಾರಿ ತನ್ನ ದೊಡ್ಡ ಗ್ಯಾಸ್ ಒಲೆಯನ್ನು ಅವಳಿಗೆ ಕೊಟ್ಟುಹೋದ. ಮೂರು ಕಾಲಿನ, ಎರಡು ಸುತ್ತು ಬಳೆಯಾಕಾರದ ಬರ್ನರಿನ, ಚಳಿಗಾಲದಲ್ಲಿ ಅರಬ್ಬರು ಮರುಭೂಮಿಗೆ ಡೇರೆ ಹಾಕಲು ಹೋಗುವಾಗ ಒಯ್ಯುವಂಥ ಒಲೆ. "ಇದರ ಬುದ್ಧಿ ಒಂಚೂರು ಸರಿ ಇಲ್ಲ, ಬಾಯಿ. ನೀವು ಬೈದು ಸರಿ ಮಾಡಿ," ಎಂದಿದ್ದನಂತೆ.

ಬೈದೇ ಸರಿ ಮಾಡಿದಳು ಎನ್ನಿ. ಆ ಒಲೆ ಭುಸ್ಸೆಂದು ಹೊತ್ತಿಕೊಂಡು ಅವಳ ಹುಬ್ಬು ಸುಟ್ಟಿತು. ಒಮ್ಮೆ ಕ್ರಿಸ್ಮಸ್ಸಿನ ಹಿಂದಿನ ದಿನ ಉರಿ ಕುಸಿದು ಹಿಟ್ಟೆಲ್ಲ ಹುಳಿಯಾಗಿ ಚೆಲ್ಲಬೇಕಾಯಿತು. ಅವಳು ಅತ್ತಳು, ಒಲೆಗೆ ತುಳುವಿನಲ್ಲಿ ಹೇಳಬಾರದ್ದೆಲ್ಲ ಹೇಳಿದಳು, ಮರುದಿನ ಪ್ರಾರ್ಥನೆ ಮುಗಿಸಿ ಬಂದು ಒಲೆಯನ್ನು ಬಿಚ್ಚಿ ಅಂಗಳದಲ್ಲಿ ಹರಡಿ ಕುಳಿತಳು. ಎಲ್ಲಿಂದ ಗ್ಯಾಸು ಬರುತ್ತದೆ, ಎಲ್ಲಿ ಗಾಳಿ ಸೇರುತ್ತದೆ, ಎಲ್ಲಿ ಕಟ್ಟಿಕೊಳ್ಳುತ್ತದೆ ಎಂದು ಒಂದೊಂದಾಗಿ ಕಂಡುಕೊಂಡಳು. ಆಮೇಲೆ ಅವಳ ಅಹಂಕಾರ ನೋಡಬೇಕಿತ್ತು! "ಸಿರಿಲನ ಮನಸ್ಸಿನಲ್ಲಿ ಎಂತ ಉಂಟು ಅಂತ ನಂಗೆ ಇವತ್ತಿಗೂ ಗೊತ್ತಿಲ್ಲ. ಈ ಒಲೆಯ ಹೊಟ್ಟೆಯಲ್ಲಿ ಎಂತ ಉಂಟು ಅಂತ ಕೇಳು, ಹೇಳ್ತೇನೆ," ಎಂದು ಬಂದವರ ಮುಂದೆಲ್ಲ ಕೊಚ್ಚಿಕೊಳ್ಳುತ್ತಿದ್ದಳು. ವೇದಾವತಿಗೆ ಆ ಕೊಚ್ಚಿಕೊಳ್ಳುವಿಕೆ ಇಷ್ಟವಾಗುತ್ತಿತ್ತು. ಹತ್ತು ಜನರೆದುರು ತನಗೆ ಏನು ಬರುತ್ತದೆ ಎಂದು ಹೇಳಲು ನಾಚುವ ಹೆಂಗಸರ ನಡುವೆ ಬೆಳೆದವಳು ಅವಳು.

ಕಾರ್ಮೆಲ್ ಬಂದದ್ದು ಆಮೇಲೆ. ಜಹ್ರಾದ ಒಂದು ಕ್ಲಿನಿಕ್ಕಿಗೆ ನರ್ಸಾಗಿ ಊರಿಂದ ಹೊಸದಾಗಿ ಬಂದಿದ್ದ ಹುಡುಗಿ ಇಗರ್ಜಿಯ, ಎಂದರೆ ಚರ್ಚಿನ, ಕೊನೆಯ ಬೆಂಚಿನಲ್ಲಿ ಕೂತು ಮೂಗು ಒರೆಸಿಕೊಳ್ಳುತ್ತಿದ್ದುದನ್ನು ಇಸಾಬೆಲ್ ಕಂಡಳು. ಪೂಜೆ ಮುಗಿಯುವವರೆಗೂ ಕಾಯಲಿಲ್ಲ ಪುಣ್ಯಾತ್ಗಿತ್ತಿ, ಎದ್ದುಹೋಗಿ ಪಕ್ಕದಲ್ಲಿ ಕೂತಳು. ಅವತ್ತಿನಿಂದ ಪ್ರತಿ ಗುರುವಾರ ಸಂಜೆ ಕಾರ್ಮೆಲ್ ಜಹ್ರಾದಿಂದ ಬಸ್ಸು ಹತ್ತಿ ರಿಗ್ಗೈಗೆ ಬರುವುದು, ಶುಕ್ರವಾರ ಉಂಡು, ತಲೆಗೆ ಎಣ್ಣೆ ಹಚ್ಚಿಸಿಕೊಂಡು, ಬೈಸಿಕೊಂಡು ಹೋಗುವುದು. ಅವಳಿಗೆ ಕೊನ್ರಾಡ್ ಎಂಬ ಹುಡುಗನ ಸಂಬಂಧ ನೋಡಿದ್ದೂ ಇಸಾಬೆಲಳೇ. ಇಬ್ಬರಿಗೂ ಒಟ್ಟಿಗೆ ರಜೆ ಸಿಗುವ ಹಾಗಿರಲಿಲ್ಲ; ಮದುವೆ ಕುವೈತಿನಲ್ಲೇ ಎಂದಾಯಿತು.

ಆದರೆ ಕಾರ್ಮೆಲಳ ತಾಯಿ ಊರಲ್ಲಿ ಹಾಸಿಗೆ ಹಿಡಿದಿದ್ದಳು. ಹಿಂದಿನ ರಜೆಯಲ್ಲಿ ಇಸಾಬೆಲ್ ಆಕೆಯನ್ನು ನೋಡಲು ಹೋದಾಗ ಆ ತಾಯಿ ಇವಳ ಎರಡೂ ಕೈ ಹಿಡಿದುಕೊಂಡು, "ನನ್ನ ಮಗಳಿಗೆ ಮೊದಲ ರೋಸ್ ನೀನು ಹಾಕು," ಎಂದಳು. ರೋಸ್ ಎಂದರೆ ಮದುವೆಯ ಮುನ್ನಾದಿನ ಹೆಣ್ಣನ್ನು ಕೂರಿಸಿ ತಲೆಗೆ, ಮುಖಕ್ಕೆ, ತೋಳಿಗೆ ತೆಂಗಿನ ಹಾಲು ಹಚ್ಚಿ ಮೀಯಿಸುವ ಶಾಸ್ತ್ರ. ಹಳೆಯ ಬದುಕು ತೊಳೆದು ಹೊಸ ಬದುಕಿಗೆ ಕಳಿಸುವುದು. ಮೊದಲ ಕೈ ತಾಯಿಯದು. ತಾನು ಯಾರಿಗೂ ಹಾಕಲಾರೆ ಎಂದು ಇಸಾಬೆಲ್ ಎಂದೋ ಒಪ್ಪಿಕೊಂಡುಬಿಟ್ಟಿದ್ದ ಕೈ ಅದು. ಊರಿಂದ ವಾಪಸು ಬಂದ ದಿನ ಅವಳು ಮಹಡಿ ಹತ್ತಿ, ವೇದಾವತಿಯ ಮುಂದೆ ಕೂತು, ಇದನ್ನು ಹೇಳಿ ಅತ್ತಳು. "ನಂಗೂ ಒಂದು ರೋಸ್ ಸಿಕ್ಕಿತು ವೇದಾ," ಎಂದಳು. ವೇದಾವತಿಯೂ ಅತ್ತಳು. ನಾಚಿಕೆ ಏನಿದೆ ಅದರಲ್ಲಿ.

ಎಂಬತ್ತೊಂದರ ಮೇ ತಿಂಗಳು, ಗುರುವಾರ. ಮದುವೆ ಶುಕ್ರವಾರ, ರೋಸ್ ಇಸಾಬೆಲಳ ಮನೆಯಲ್ಲಿ, ಮಧ್ಯಾಹ್ನ ಮಸೀದಿಯಲ್ಲಿ ಅಸರ್ ಬಾಂಗ್ ಆದ ಮೇಲೆ. ಇನ್ನೂರು ಜನಕ್ಕೆ ಊಟ. ಬೆಳಿಗ್ಗೆಯೇ ಹಿಟ್ಟಿಗೆ ಜಾಡಿಯ ಕಳ್ಳು ಬಿದ್ದಾಗಿತ್ತು. ಊರಲ್ಲಾದರೆ ಹಿಟ್ಟು ಉಬ್ಬಲು ಅರ್ಧ ದಿನ ತೆಗೆದುಕೊಳ್ಳುತ್ತದೆ. ಕುವೈತಿನ ಮೇ ತಿಂಗಳಲ್ಲಿ ನೀವು ಆಕಡೆ ನೋಡಿ ಈಕಡೆ ನೋಡುವಷ್ಟರಲ್ಲಿ ಪಾತ್ರೆ ತುಂಬಿ ಉಕ್ಕುತ್ತದೆ, ಉಕ್ಕಿದ ಮೇಲೆ ಬೇಯಿಸದಿದ್ದರೆ ಕುಸಿದು ಹುಳಿಯಾಗುತ್ತದೆ. ಕಾಯುವ ಜಾತಿಯದಲ್ಲ.

ವೇದಾವತಿ ಕೈಜೋಡಿಸಲೆಂದು ಕೆಳಗೆ ಬಂದಾಗ ಇಸಾಬೆಲ್ ಅಂಗಳದಲ್ಲಿ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಒಲೆಯ ಮೇಲೆ ಸಾನ್ನ ಬೇಯಿಸುವ ದೊಡ್ಡ ಹಬೆ ಪಾತ್ರೆ, ಅದನ್ನು ಅವರು ತೊಂದೂರು ಎನ್ನುತ್ತಿದ್ದರು. ತೊಂದೂರಿನ ಬುಡವೆಲ್ಲ ಕಪ್ಪು. ಕೆಳಗೆ ಉರಿ ಹಳದಿಯಾಗಿ, ಉದ್ದಕ್ಕೆ, ಸೋಮಾರಿಯಾಗಿ ನಾಲಗೆ ಆಡಿಸುತ್ತಿತ್ತು. ನೀರು ಬೆಚ್ಚಗಾಗಿತ್ತೇ ಹೊರತು ಕುದಿಯುವ ಲಕ್ಷಣವಿರಲಿಲ್ಲ.

"ಏನ್ರೀ ಇಸಾಬೆಲ್ಲಮ್ಮ, ಇದು ಹೀಗ್ಯಾಕೆ ಉರೀತಿದೆ?"

"ಅದನ್ನೇ ಕೇಳ್ತಾ ಇದ್ದೇನೆ, ಬಾಯಿ ಬಿಡುವುದಿಲ್ಲ ಇದು," ಎಂದಳು ಇಸಾಬೆಲ್. ಮುಖದ ಮೇಲೆ ಆಗಲೇ ಮಸಿಯ ಗೆರೆ. "ಪಾಸ್ಕದ ಹಬ್ಬಕ್ಕೆ, ಈಸ್ಟರಿಗೆ, ಮೊದಲು ಕೆಲಸ ಮಾಡಿದ್ದು. ಆಮೇಲೆ ಮುಟ್ಟಿಲ್ಲ. ಇವತ್ತೇ ಆಗ್ಬೇಕಾ ಇದಕ್ಕೆ?"

"ಹಿಟ್ಟು?"

"ಉಬ್ತಾ ಉಂಟು. ಅದಕ್ಕೆಂತ, ಅದು ಉಬ್ತದೆ." ಇಸಾಬೆಲ್ ಎದ್ದು ನಿಂತಳು. "ನನ್ನ ಹುಡುಗಿಯ ರೋಸಿಗೆ ಬಂದವರಿಗೆ ಅಂಗಡಿಯ ಖುಬ್ಬೂಸ್ ರೊಟ್ಟಿ ಹಂಚ್ಲಿಕ್ಕಾ? ನಾನು ಸತ್ತ ಮೇಲೆ! ವೇದಾ, ಒಂದು ಲೋಟ ಬಿಸಿನೀರು ತಾ. ಮತ್ತೆ ಸಾಬೂನು ಕಲಸಿದ ನೀರು."

ಮೊದಲ ಅನುಮಾನ ಸಿಲಿಂಡರಿನ ಮೇಲೆ. ಅವಳು ಬಿಸಿನೀರನ್ನು ಸಿಲಿಂಡರಿನ ಮೈಮೇಲೆ ಮೇಲಿಂದ ಕೆಳಗೆ ಸುರಿದು, ಅಂಗೈಯಿಂದ ಸವರುತ್ತ ಬಂದಳು. ಮೇಲೆ ಬೆಚ್ಚಗೆ, ಸ್ವಲ್ಪ ಕೆಳಗೆ ಬಂದೊಡನೆ ತಣ್ಣಗೆ. "ಇಲ್ಲಿವರೆಗೆ ಗ್ಯಾಸ್ ಉಂಟು. ಹೊಟ್ಟೆ ತುಂಬ ಉಂಟು. ಇದರ ತಪ್ಪಲ್ಲ." ಆಮೇಲೆ ಸಾಬೂನು ನೀರನ್ನು ರಬ್ಬರ್ ಕೊಳವೆಗೆ, ಕೊಳವೆಯ ಎರಡು ತುದಿಗೆ, ತಿರುಪಿಗೆ ಬಳಿದು ಕಣ್ಣು ಕಿರಿದಾಗಿಸಿ ನೋಡಿದಳು. ಒಂದು ಗುಳ್ಳೆಯೂ ಏಳಲಿಲ್ಲ. ಸೋರುತ್ತಿಲ್ಲ.

"ಹಾಗಾದ್ರೆ ಇದು," ಎಂದು ಸಿಲಿಂಡರಿನ ಮೂತಿಗಿದ್ದ ರೆಗ್ಯುಲೇಟರನ್ನು ತೋರಿಸಿದಳು. "ಇವನಿಗೆ ಸಿಟ್ಟು ಜಾಸ್ತಿ. ತಿರುಪನ್ನು ಗಬಕ್ಕಂತ ತಿರುಗಿಸಿದ್ರೆ ಎಲ್ಲೋ ಸೋರ್ತಾ ಉಂಟು ಅಂತ ಹೆದರಿ ಅರ್ಧ ಬಾಗಿಲು ಹಾಕಿಕೊಳ್ತಾನೆ. ಮತ್ತೆ ಎಷ್ಟು ತಿರುಗಿಸಿದ್ರೂ ಚೂರೇ ಗ್ಯಾಸು." ಎಲ್ಲ ಮುಚ್ಚಿದಳು, ರೆಗ್ಯುಲೇಟರ್ ಬಿಚ್ಚಿದಳು, ಒಂದು ಪ್ರಾರ್ಥನೆ ಹೇಳಿ ಮುಗಿಸುವಷ್ಟು ಹೊತ್ತು ಕಾದಳು, ಮತ್ತೆ ಕೂರಿಸಿ ತಿರುಪನ್ನು ಮಗುವಿನ ಕಿವಿ ತಿರುವುವಷ್ಟು ಮೆಲ್ಲಗೆ ತಿರುಗಿಸಿದಳು. ಉರಿ ಒಂಚೂರು ಎದ್ದಿತು. ಬಣ್ಣ ಮಾತ್ರ ಅದೇ ಹಳದಿ, ಅದೇ ಮಸಿ.

ಮೂರನೆಯದು ಜೆಟ್ಟು. ಗ್ಯಾಸು ಒಲೆಗೆ ಚಿಮ್ಮುವ ಹಿತ್ತಾಳೆಯ ಮೂತಿ, ಅದರ ತೂತು ಸೂಜಿಮೊನೆಯಷ್ಟು. ಹಿಂದಿನ ವಾರ ಬೀಸಿದ ಧೂಳಿನ ಬಿರುಗಾಳಿ ರಿಗ್ಗೈಯ ಮನೆಮನೆಯ ಹಾಸಿಗೆಯೊಳಕ್ಕೂ ಮರಳು ತಂದು ಸುರಿದಿತ್ತು, ಈ ತೂತನ್ನು ಬಿಟ್ಟೀತೇ? ಉರಿ ಆರಿಸಿ, ಜೆಟ್ಟು ಬಿಚ್ಚಿ, ಇಸಾಬೆಲ್ ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿದಳು. "ಪಿನ್ನು ಕೊಡು ವೇದಾ." ವೇದಾವತಿ ತನ್ನ ಸೆರಗಿನ ಪಿನ್ನನ್ನೇ ತೆಗೆದುಕೊಟ್ಟಳು.

ಆ ಹೊತ್ತಿಗೆ ಅಡುಗೆಮನೆಯ ಕಿಟಕಿಯಿಂದ ಆ ಮಾತು ಬಂತು.

ಕೊನ್ರಾಡನ ದೊಡ್ಡಮ್ಮ ಸೆವ್ರಿನಾ ಬಾಯಿ ಮದುವೆಗೆಂದು ಬಹ್ರೇನಿನಿಂದ ಬಂದಿದ್ದ ಹಿರಿಯಳು. ಕೆಟ್ಟವಳೇನಲ್ಲ, ಹಳೆಯ ಕಾಲದವಳು. ಕಿಟಕಿಯ ಆಚೆ ಅಂಗಳದಲ್ಲಿ ಯಾರಿದ್ದಾರೆಂದು ನೋಡದೆ, ತೆಂಗಿನಕಾಯಿ ತುರಿಯುತ್ತಿದ್ದ ಇನ್ನೊಬ್ಬಳಿಗೆ ಕೊಂಕಣಿಯಲ್ಲಿ ಹೇಳುತ್ತಿದ್ದಳು. ಕೊಂಕಣಿ ಮಾತಾಡಲು ವೇದಾವತಿಗೆ ಬಾರದು, ಇಷ್ಟು ವರ್ಷದ ಒಡನಾಟದಲ್ಲಿ ಕೇಳಿದರೆ ತಿಳಿಯುತ್ತಿತ್ತು.

"ಅಲ್ಲ, ಮೊದಲ ರೋಸ್ ಈ ಇಸಾಬೆಲ್ ಹಾಕುವುದಂತಲ್ಲ? ಮಡಿಲಲ್ಲಿ ಒಂದು ಕೂಸಿಲ್ಲದವಳು. ಬೇರೆ ಯಾರೂ ಸಿಗಲಿಲ್ಲವಾ ಆ ಹುಡುಗಿಗೆ? ಇಂಥದ್ದರಲ್ಲಿ ಕೈ ನೋಡಬೇಕು ಬಾಯೆ, ಕೈಗುಣ ನೋಡಬೇಕು."

ವೇದಾವತಿಯ ಮೈ ಉರಿದುಹೋಯಿತು. ಇಸಾಬೆಲ್ ಈಗ ಎದ್ದುಹೋಗಿ ಕಿಟಕಿಗೆ ಮುಖ ಕೊಟ್ಟು ನಾಲ್ಕು ಮಾತು ಆಡುತ್ತಾಳೆ ಎಂದುಕೊಂಡಳು. ಆಡಲೆಂದು ಬಯಸಿದಳು. ಇಸಾಬೆಲ್ ತಲೆ ಎತ್ತಲಿಲ್ಲ. ಪಿನ್ನನ್ನು ಜೆಟ್ಟಿನ ತೂತಿಗೆ ಹಾಕಿ ಮೆಲ್ಲಗೆ ತಿರುಗಿಸಿದಳು. ಎರಡು ಹರಳು ಮರಳು ಅಂಗೈಗೆ ಬಿತ್ತು. ಉಫ್ ಎಂದು ಊದಿದಳು.

"ರೀ..." ಎಂದಳು ವೇದಾವತಿ.

"ಬೆಂಕಿಪೊಟ್ಟಣ ಕೊಡು," ಎಂದಳು ಇಸಾಬೆಲ್.

ಉರಿ ಇನ್ನಷ್ಟು ಬಲವಾಯಿತು, ಆದರೂ ಹಳದಿ. ಇಸಾಬೆಲ್ ಸೊಂಟದ ಮೇಲೆ ಕೈಯಿಟ್ಟು ಒಲೆಯನ್ನೇ ದುರುಗುಟ್ಟಿ ನೋಡಿದಳು. "ಗ್ಯಾಸು ಸಾಕಷ್ಟು ಬರ್ತಾ ಉಂಟು. ಹಳದಿ ಅಂದ್ರೆ ಇದಕ್ಕೆ ಗಾಳಿ ಸಾಲುವುದಿಲ್ಲ. ಉಸಿರು ಕಟ್ತಾ ಉಂಟು." ಒಲೆಯ ಕೊಳವೆಯ ಬಾಯಲ್ಲಿ ಗಾಳಿ ಒಳಗೆ ಬರಲು ಒಂದು ದುಂಡು ಮುಚ್ಚಳವಿರುತ್ತದೆ, ತಿರುಗಿಸಿದರೆ ಕಿಂಡಿ ದೊಡ್ಡದು ಚಿಕ್ಕದು ಆಗುತ್ತದೆ. ಅವಳು ಅದನ್ನು ಪೂರ್ತಿ ತೆರೆದಳು. ಏನೂ ಆಗಲಿಲ್ಲ. "ಹಾಗಾದ್ರೆ ಒಳಗೇ ಎಂತದೋ ಕೂತಿದೆ. ಜೇಡನೋ, ಕಣಜವೋ. ಖಲಾಸ್, ಬಿಚ್ಚುವುದೇ."

ಉರಿ ಆರಿಸಿ, ಕೊಳವೆ ಆರುವವರೆಗೆ ಒದ್ದೆ ಬಟ್ಟೆ ಸುತ್ತಿ, ಬಿಚ್ಚಿ ತೆಗೆದಳು. ಹಿಡಿಸೂಡಿ ಪೊರಕೆಯ ಗಟ್ಟಿ ಕಡ್ಡಿಯೊಂದನ್ನು ತೂರಿಸಿ ಒಳಗೆ ಕೆದಕಿದಳು. ಏನೋ ಅಡ್ಡ ಸಿಕ್ಕಿತು. ಇನ್ನೂ ಕೆದಕಿದಳು. ಕೊಳವೆಯಿಂದ ಹೊರಗೆ ಬಿದ್ದದ್ದು ಜೇಡನ ಬಲೆಯಲ್ಲ, ಕಣಜದ ಗೂಡಲ್ಲ. ಮಡಚಿ ಮಡಚಿ ಹೆಣೆದ ಖರ್ಜೂರದ ಗರಿಯ ಒಂದು ಪುಟ್ಟ ಶಿಲುಬೆ. ಪಾಸ್ಕಕ್ಕೆ ಮುಂಚಿನ ಗರಿಗಳ ಭಾನುವಾರ ಇಗರ್ಜಿಯಲ್ಲಿ ಪಾದ್ರಿಗಳು ಮಂತ್ರಿಸಿ ಕೊಟ್ಟ ಗರಿ. ಮನೆಗೆ ತಂದು ಬಾಗಿಲ ಮೇಲೆ, ದೇವರ ಪಟದ ಹಿಂದೆ ಸಿಕ್ಕಿಸುತ್ತಾರೆ, ಸಿಡಿಲು ಬೆಂಕಿ ಮನೆಯ ಹತ್ತಿರ ಬಾರದಿರಲೆಂದು.

ಇಸಾಬೆಲ್ ಅದನ್ನು ಅಂಗೈಯಲ್ಲಿಟ್ಟು ನೋಡಿದಳು. ಮೊದಲು ಕಣ್ಣಿಗೊತ್ತಿಕೊಂಡು ಮುತ್ತಿಟ್ಟಳು, ಅದು ಬೇರೆ ಮಾತು. ಆಮೇಲೆ ಬಾಯಿ ತೆಗೆದಳು. "ಸಿರಿಲ್!"

ಈರುಳ್ಳಿ ಹೆಚ್ಚುತ್ತಿದ್ದ ಸಿರಿಲ್ ಕಣ್ಣೀರು ಸುರಿಸುತ್ತಲೇ ಓಡಿ ಬಂದ. ಗರಿಯನ್ನು ಕಂಡ. ನೆಲ ನೋಡಿದ.

"ನೀನಾ ಇದನ್ನು ಇಟ್ಟದ್ದು? ಒಲೆಯ ಬಾಯಿಗೆ?"

"ಅಲ್ಲ... ಯಾವುದೋ ಕೂಲಿಯವರ ಕ್ಯಾಂಪಿನಲ್ಲಿ ಗ್ಯಾಸ್ ಒಲೆಯಿಂದ ಬೆಂಕಿ ಬಿತ್ತು ಅಂತ ಎಲ್ಲರೂ ಹೇಳ್ತಾ ಇದ್ದರು. ಸಾನ್ನ ಬೇಯಿಸುವಾಗ ನೀನು ಇದರ ಮುಂದೆಯೇ ಕೂತಿರ್ತೀ ದಿನ ಇಡೀ. ಹೊರಗೆ ಕಟ್ಟಿದ್ರೆ ನೀನು ನಗಾಡ್ತೀ ಅಂತ ಒಳಗೆ ಇಟ್ಟೆ." ಸಿರಿಲನ ದನಿ ಇಳಿಯಿತು. "ನಿಂಗೆ ಎಂತಾದ್ರೂ ಆದ್ರೆ ನಂಗೆ ಬೇರೆ ಯಾರಿದ್ದಾರೆ, ಇಸಾ?"

ಬೈಯಲು ತುಂಬಿಕೊಂಡಿದ್ದ ಉಸಿರನ್ನು ಇಸಾಬೆಲ್ ಹಾಗೆಯೇ ಬಿಟ್ಟಳು. ಒಳ್ಳೆಯ ಮಾತನ್ನು ಒಳ್ಳೆಯದಾಗಿ ತೆಗೆದುಕೊಳ್ಳುವುದೂ ಅವಳಿಗೆ ಗೊತ್ತಿತ್ತು. ಗರಿಯ ಶಿಲುಬೆಯನ್ನು ಸಿಲಿಂಡರಿನ ಹಿಡಿಗೆ ದಾರದಿಂದ ಕಟ್ಟಿದಳು. "ಕಾಯುವುದಾದ್ರೆ ಹೊರಗೆ ನಿಂತು ಕಾಯ್ಲಿ ದೇವರು. ಒಳಗೆ ಗಾಳಿಗೆ ಜಾಗ ಬೇಕು ಮಾರಾಯ. ಹೋಗು, ಈರುಳ್ಳಿ ನೋಡು," ಎಂದಳು.

ಕೊಳವೆ ಮತ್ತೆ ಕೂತಿತು, ಜೆಟ್ಟು ಕೂತಿತು, ಕಡ್ಡಿ ಗೀರಿದಳು. ಸುಯ್ ಎಂದು ಬಳೆಯ ಸುತ್ತ ಉರಿ ಹೊತ್ತಿಕೊಂಡಿತು. ನೀಲಿ! ಗಿಡ್ಡಕ್ಕೆ, ಮೊನಚಾಗಿ, ಒಂದೇ ಸಮನೆ ಸದ್ದು ಮಾಡುವ ನೀಲಿ. ವೇದಾವತಿ ಚಪ್ಪಾಳೆ ತಟ್ಟಿಯೇಬಿಟ್ಟಳು. ಗಾಳಿ ಬೀಸುತ್ತಿದ್ದ ಕಡೆಗೆ ಇಬ್ಬರೂ ಸೇರಿ ಎಣ್ಣೆ ಡಬ್ಬದ ತಗಡುಗಳನ್ನು ಅಡ್ಡ ನಿಲ್ಲಿಸಿದರು. ತೊಂದೂರಿನ ನೀರು ಕೊತಕೊತ ಕುದಿಯಿತು. ಹಿಟ್ಟು ಪಾತ್ರೆಯ ಅಂಚಿಗೆ ಬಂದು ನಿಂತಿತ್ತು, ಇನ್ನೂ ಕುಸಿದಿರಲಿಲ್ಲ. ಬಟ್ಟಲುಗಳಿಗೆ ಸುರಿದು ಒಳಗಿಟ್ಟು ಮುಚ್ಚಿದರು. ಮೊದಲ ಸುತ್ತು ಬುಟ್ಟಿಗೆ ಇಳಿದಾಗ ಅಂಗಳವೆಲ್ಲ ಸಾನ್ನದ ಪರಿಮಳ. ಇಸಾಬೆಲ್ ಒಂದನ್ನು ಮುರಿದು ನೋಡಿ, ಒಳಗೆ ಜಾಲರಿಯಂತೆ ತೂತು ತೂತು ಬಿದ್ದಿರುವುದನ್ನು ವೇದಾವತಿಗೆ ತೋರಿಸಿದಳು. ಇಂಥ ಹೆಂಗಸು ಇನ್ನೊಬ್ಬಳು ಇದ್ದಾಳೆಯೇ ಎಂದು ವೇದಾವತಿಗೆ ಹೆಮ್ಮೆಯಾಯಿತು, ತನ್ನದೇ ಅಕ್ಕನೇನೋ ಎನ್ನುವ ಹಾಗೆ.

ಒಂದಾದ ಮೇಲೊಂದು ಬುಟ್ಟಿ ತುಂಬಿತು. ಅಸರ್ ಬಾಂಗ್ ಆಯಿತು. ಒಳಗೆ ಹೆಂಗಸರು ಕಾರ್ಮೆಲಳಿಗೆ ಹಳೆಯ ಬಿಳಿ ಸೀರೆ ಉಡಿಸಿ ಬೆಂಚಿನ ಮೇಲೆ ಕೂರಿಸಿದರು. ಹಾಡು ಶುರುವಾಗುವ ಮೊದಲಿನ ಗುಸುಗುಸು ಹೊರಗೆ ಕೇಳುತ್ತಿತ್ತು.

"ಇಸಾಬೆಲ್ ಬಾಯಿ, ಬನ್ನಿ!" ಎಂದು ಯಾರೋ ಬಾಗಿಲಿಂದ ಕೂಗಿದರು.

"ಬಂದೆ! ಉರಿ ಒಂಚೂರು ಸರಿ ಇಲ್ಲ, ನೋಡಿ ಬರ್ತೇನೆ," ಎಂದಳು ಇಸಾಬೆಲ್.

ವೇದಾವತಿ ಉರಿಯನ್ನು ನೋಡಿದಳು. ನೀಲಿಯಾಗಿಯೇ ಇತ್ತು.

ಮತ್ತೆ ಕೂಗಿದರು. "ಜೆಟ್ಟಿಗೆ ಪುನಃ ಮರಳು ಹೋಗಿದೆ ಅಂತ ಕಾಣ್ತದೆ!" ಎಂದಳು. ಗಾಳಿಯ ಮುಚ್ಚಳವನ್ನು ಮುಚ್ಚುತ್ತ ಬಂದಳು. ಉರಿ ಹಳದಿಗೆ ತಿರುಗಿತು. ತೆರೆಯುತ್ತ ಬಂದಳು, ನೀಲಿಯಾಯಿತು. ಮತ್ತೆ ಮುಚ್ಚಿದಳು. ಅವಳೇ ಒಲೆಯನ್ನು ಕೆಡಿಸುತ್ತಿದ್ದಳು, ಅವಳೇ ಸರಿ ಮಾಡುತ್ತಿದ್ದಳು. ವೇದಾವತಿಗೆ ಆಗ ಅರ್ಥವಾಯಿತು. ಕಿಟಕಿಯ ಮಾತನ್ನು ಇವಳು ಕೇಳಿಸಿಕೊಂಡಿದ್ದಳು, ಚೆನ್ನಾಗಿಯೇ ಕೇಳಿಸಿಕೊಂಡಿದ್ದಳು.

"ಒಲೆ ಚೆನ್ನಾಗಿದೆ ಕಣ್ರೀ. ಎದ್ದೇಳಿ. ಆಯಮ್ಮ ಏನೋ ಅಂದ್ರು ಅಂತ ನೀವು..."

"ಅವರು ಅಂದದ್ದಕ್ಕೆ ನಂಗೆ ಬೇಸರ ಇಲ್ಲ ವೇದಾ. ಅಂಥದ್ದು ಎಷ್ಟು ಕೇಳಿಲ್ಲ ನಾನು!" ಇಸಾಬೆಲ್ ಮುಚ್ಚಳದಿಂದ ಕೈ ತೆಗೆಯಲಿಲ್ಲ. "ಆದ್ರೆ ಅದು ನಿಜ ಆದ್ರೆ? ನನ್ನ ಕೈ ಮುಟ್ಟಿ ಆ ಹುಡುಗಿಯ ಮಡಿಲೂ ನನ್ನ ಹಾಗೆಯೇ ಆದ್ರೆ? ಅವಳ ತಾಯಿಗೆ ನಾನು ಎಂತ ಹೇಳ್ಲಿ? ಬೇಡ. ಬೇರೆ ಯಾರಾದ್ರೂ ಹಾಕ್ಲಿ. ನಾನು ಸಾನ್ನ ಬೇಯಿಸ್ತೇನೆ. ಅದು ನಂಗೆ ಬರ್ತದೆ."

ಯಾವ ಒಲೆಗೂ ಸೋಲದ ಹೆಂಗಸು ಹೀಗೆ ಕುಗ್ಗಿ ಕೂತದ್ದನ್ನು ವೇದಾವತಿ ಕಂಡಿರಲಿಲ್ಲ. ಇದು ಅವರ ಶಾಸ್ತ್ರ, ಅವರ ಮನೆ, ತಾನು ಹೊರಗಿನವಳು ಎಂಬ ಅಳುಕಿತ್ತು. 'ಹಾಳಾಗಿ ಹೋಗಲಿ ಅಳುಕು' ಎಂದುಕೊಂಡು ನೆಟ್ಟಗೆ ಒಳಗೆ ನಡೆದಳು. ಬೆಂಚಿನ ಸುತ್ತ ನಿಂತಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು. ಸೆವ್ರಿನಾ ಬಾಯಿಯ ಕೈಯಲ್ಲಿ ತೆಂಗಿನ ಹಾಲಿನ ಬಟ್ಟಲಿತ್ತು.

"ಕಾರ್ಮೆಲ್, ಒಲೆ ಆಗಲೇ ಸರಿಯಾಗಿದೆ. ಆದ್ರೂ ಅವರು ಬರ್ತಿಲ್ಲ," ಎಂದಳು ವೇದಾವತಿ. "ಮಕ್ಕಳಿಲ್ಲದ ಕೈ ಅಂತ ಯಾರೋ ಅಂದದ್ದು ಅವರಿಗೆ ಕೇಳಿಸಿದೆ. ನಿನಗೆ ಕೆಟ್ಟದಾಗುತ್ತೆ ಅಂತ ಹೆದರಿ ಕೂತಿದ್ದಾರೆ."

ಸೆವ್ರಿನಾ ಬಾಯಿ ಬಟ್ಟಲನ್ನು ನೋಡುತ್ತ ನಿಂತಳು. ಕಾರ್ಮೆಲ್ ಎದ್ದಳು. ರೋಸಿಗೆ ಕೂತ ಹೆಣ್ಣು ನಡುವೆ ಏಳಬಾರದು ಎಂದು ಇಬ್ಬರು ತೋಳು ಹಿಡಿದರು, ಬಿಡಿಸಿಕೊಂಡಳು. ಸೆವ್ರಿನಾ ಬಾಯಿಯ ಕೈಯಿಂದ ಬಟ್ಟಲನ್ನು ತೆಗೆದುಕೊಂಡು, ಬಿಚ್ಚಿದ ಕೂದಲಿನಲ್ಲಿ, ಬರಿಗಾಲಲ್ಲಿ ಕಾದ ಅಂಗಳಕ್ಕೆ ಇಳಿದಳು. ಹೆಂಗಸರು ಹಿಂದೆಯೇ ಬಂದರು.

ಇಸಾಬೆಲ್ ಗಾಬರಿಯಿಂದ ಎದ್ದಳು. "ಹುಚ್ಚಾ ನಿಂಗೆ? ಒಳಗೆ ಹೋಗು! ಒಲೆ ಉರೀತಾ ಉಂಟು ಇಲ್ಲಿ!"

ಕಾರ್ಮೆಲ್ ಒಲೆಯ ಪಕ್ಕದಲ್ಲಿ ನೆಲದ ಮೇಲೆಯೇ ಕೂತು ಬಟ್ಟಲನ್ನು ಮುಂದೆ ಹಿಡಿದಳು. "ಹಾಕಿ ಆಂಟಿ."

"ಕೈಯೆಲ್ಲ ಮಸಿ ಮಾರಾಯ್ತಿ."

"ಇರಲಿ."

"ಹಾಗಲ್ಲ ಮಗಾ..." ಇಸಾಬೆಲ್ ಕೈ ಹಿಂದಕ್ಕೆ ಎಳೆದುಕೊಂಡಳು. "ನಿಂಗೆ ಮಕ್ಕಳಾಗದಿದ್ರೆ?"

ಕಾರ್ಮೆಲ್ ಸುತ್ತ ನಿಂತವರನ್ನು ಒಮ್ಮೆ ನೋಡಿದಳು. ಆಮೇಲೆ ಇಸಾಬೆಲಳ ಮುಖ ನೋಡಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ಆಗದಿದ್ರೆ ನಾನು ನಿಮ್ಮ ಹಾಗೆ ಆಗ್ತೇನೆ. ಅಷ್ಟೇ ಅಲ್ವಾ? ಇಗರ್ಜಿಯಲ್ಲಿ ಕೂತು ಅಳುವ ಯಾರದ್ದೋ ಮಗಳನ್ನು ಮನೆಗೆ ಕರ್ಕೊಂಡು ಬರ್ತೇನೆ. ನಂಗೆ ಅದು ಸಾಕು. ಹಾಕಿ."

ಇಸಾಬೆಲ್ ಮೊಣಕಾಲೂರಿ ಕೂತಳು. ಕೈಯನ್ನು ಬಟ್ಟಲಿಗೆ ಅದ್ದಿದಳು, ಬಿಳಿಯ ಹಾಲು ಬೂದಿ ಬಣ್ಣಕ್ಕೆ ತಿರುಗಿತು. ಆ ಕೈಯನ್ನು ಹುಡುಗಿಯ ನೆತ್ತಿಯ ಮೇಲಿಟ್ಟು, ಹಣೆಗೆ, ಕೆನ್ನೆಗೆ ಇಳಿಸಿದಳು. ಮಸಿಯೂ ಹಾಲೂ ಸೇರಿ ಕಾರ್ಮೆಲಳ ಮುಖದ ಮೇಲೆ ಗೆರೆಗೆರೆಯಾಗಿ ಹರಿಯಿತು. ಆ ಕೈಯನ್ನು ಇಸಾಬೆಲ್ ಬಹಳ ಹೊತ್ತು ತೆಗೆಯಲಿಲ್ಲ.